ಬೇಲಿ ಕ್ಲಾರಿ ಕಟ್ಟಿದ ಗಿಣಿಯ ಉಯ್ಯಾಲೆ

ಅಡಿಲೇಡ್ ನಗರದಿಂದ ದೂರದ ಕಡೀನಾ ಊರಿನಲ್ಲಿ ನಿವೃತ್ತ ಗಂಡಸರು ಕೂಡಿ ಮರಗೆಲಸ ಮಾಡುವ ಶೆಡ್ಡಿನಲ್ಲಿ, ಕಿಟಕಿ ಪಕ್ಕದ ಮೇಜು ಕ್ಲಾರಿ ಟ್ರೆಜೈಸ್‌ನದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಕೂತರೆ ಅವನು ಏನೂ ಅನ್ನುವುದಿಲ್ಲ, ಪಕ್ಕದಲ್ಲಿ ನಿಂತು ಜೋರಾಗಿ ಉಸಿರು ಬಿಡುತ್ತಾನೆ. ಅಷ್ಟಕ್ಕೇ ಕೂತವರು ಎದ್ದು ಹೋಗುತ್ತಾರೆ. ಶೆಡ್ಡಿನ ಉಳಿದ ನಿವೃತ್ತರು ಮೊಮ್ಮಕ್ಕಳಿಗೆ ಮರದ ರೈಲನ್ನೋ, ಹೆಂಡತಿ ಬೇಡವೆಂದರೂ ಕೇಳದೆ ಇನ್ನೊಂದು ಪುಸ್ತಕದ ಗೂಡನ್ನೋ ಮಾಡುತ್ತಿದ್ದರೆ, ಕ್ಲಾರಿ ಗಿಣಿಗಳಿಗೆ ಆಟದ ಸಾಮಾನು ಮಾಡುತ್ತಾನೆ. ಗಿಣಿ ಸಾಕಿದವರು ಪೇಟೆಯಲ್ಲಿ ಕೊಂಡ ಬಣ್ಣಬಣ್ಣದ ಆಟಿಕೆಗಳನ್ನು ಅವನ ಮುಂದೆ ತಂದಿಡುತ್ತಾರೆ. ಅವನು ತಡವಿ, ಎಳೆದು, ಮೂಸಿ, ಕೆಲವನ್ನು ತನ್ನ ಹಲ್ಲಿನಲ್ಲೇ ಕಚ್ಚಿ ನೋಡಿ, ಮುಕ್ಕಾಲು ಪಾಲನ್ನು ಕಸದ ಡಬ್ಬಿಗೆ ಎಸೆಯುತ್ತಾನೆ. ದುಡ್ಡು ಕೊಟ್ಟು ತಂದವರ ಮುಖ ಸಪ್ಪಗಾದರೆ ಅದಕ್ಕೂ ಅವನು ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಎಚ್ಚರ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಒಂದು ಹಕ್ಕಿಯನ್ನು ಪ್ರೀತಿಯಿಂದಲೇ ಸಾವಿನ ಬಾಯಿಗೆ ತಳ್ಳಿದಾಗ ಬಂದದ್ದು.

ಕ್ಲಾರಿಯದು ಬೇಲಿ ಹಾಕುವ ಕಸುಬು. ಗೋಧಿ ಬಾರ್ಲಿಯ ಹೊಲಗಳ ಸೀಮೆ ಅದು. ಅಲ್ಲಿ ಅವನು ಎಳೆದ ತಂತಿಯನ್ನೆಲ್ಲ ಒಂದಕ್ಕೊಂದು ಗಂಟು ಹಾಕಿದರೆ ಸಮುದ್ರ ದಾಟೀತು ಎಂದು ಜನ ತಮಾಷೆ ಮಾಡುತ್ತಿದ್ದರು. ಆ ಕಡೆಯ ರೈತನ ಗಾಡಿಯಲ್ಲಿ ಬೈಬಲ್ ಇರದಿದ್ದೀತು, ಒಂದು ಸುತ್ತು ಬೇಲಿ ತಂತಿ ಇರದೆ ಇರದು. ಗೇಟಿನ ಕೀಲು ಮುರಿದರೆ ತಂತಿ, ಗಾಡಿಯ ಹೊಗೆ ಕೊಳವೆ ಜೋತುಬಿದ್ದರೆ ತಂತಿ, ಕನ್ನಡಕದ ಕಾಲು ಮುರಿದರೂ ತಂತಿ. ಕ್ಲಾರಿಯಂತೂ ಚರ್ಚಿನ ಹಾರ್ಮೋನಿಯಂ ಪೆಡಲನ್ನೂ ಅದರಲ್ಲೇ ಬಿಗಿದಿದ್ದ. ಪಾದ್ರಿ ಬದಲಾದರು, ಪೆಡಲು ಅಲ್ಲಾಡಲಿಲ್ಲ. ತಂತಿಯೆಂದರೆ ಸತುವಿನ ಲೇಪ ಹೊಳೆಯುವ ಹೊಸ ತಂತಿಯೇ ಆಗಬೇಕು. "ತುಕ್ಕು ಹಿಡಿಯಲ್ಲ, ದಗಾ ಮಾಡಲ್ಲ. ಮನುಷ್ಯರ ಬಗ್ಗೆ ಹಂಗ್ ಹೇಳಕ್ಕಾಗುತ್ತಾ?" ಎನ್ನುತ್ತಿದ್ದ. ಮದುವೆ ಅವನು ಮಾಡಿಕೊಳ್ಳಲಿಲ್ಲ. ಕಾರಣ ಕೇಳಿದವರಿಗೆ, "ತಂತಿ ಎಳೆಯೋಕೆ ಬಿಡುವಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಮನೆಯ ಹಿಂದಿನ ಓಣಿಯಾಚೆ ನೋಲಾ ಪಾಸ್ಕೊಳ ಮನೆ. ನೋಲಾಳ ಗಂಡ ಹಾರ್ವಿ ಧಾನ್ಯದ ಲಾರಿ ಓಡಿಸುತ್ತಿದ್ದ, ಕ್ಲಾರಿಯ ಗೆಳೆಯ. ಹಾರ್ವಿ ತೀರಿಹೋದ ಮೇಲೂ ನೋಲಾ ಶುಕ್ರವಾರ ಪ್ಯಾಸ್ಟಿ ಮಾಡುವುದನ್ನು ಬಿಡಲಿಲ್ಲ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿದ, ಕರಿಗಡುಬಿನ ಆಕಾರದ ಆ ತಿಂಡಿಯ ತುದಿಯಲ್ಲಿ ತಿನ್ನುವವರ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲೇ ಮೂಡಿಸುವುದು ಆ ಸೀಮೆಯವರ ಪದ್ಧತಿ. ಕ್ಲಾರಿಯ ಅಕ್ಷರ ಹೊತ್ತ ಪ್ಯಾಸ್ಟಿಯೊಂದು ಬೇಲಿಯ ಮೇಲಿಂದ ತಪ್ಪದೆ ಬರುತ್ತಿತ್ತು. ಅವನು ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡ ಚಳಿಗಾಲದಲ್ಲಿ ಅವಳು ಅವನ ಒಲೆ ಉರಿಸಿದ್ದಳು, ಬಟ್ಟೆ ಒಗೆದಿದ್ದಳು, ಅವನ ಗೊಣಗಾಟ ಕೇಳಿದ್ದಳು. ಒಮ್ಮೆಯೂ ಅದನ್ನು ಎತ್ತಿ ಆಡಿದವಳಲ್ಲ. ಅವಳಿಗೆ ಏನಾದರೂ ಮಾಡಬೇಕೆಂಬ ಆಸೆ ಕ್ಲಾರಿಯ ಎದೆಯಲ್ಲಿತ್ತು. ಆದರೆ ಅವಳು ಯಾರಿಂದಲೂ ಏನನ್ನೂ ಕೇಳುವ ಹೆಂಗಸಾಗಿರಲಿಲ್ಲ.

ಕೊನೆಗೊಮ್ಮೆ ಕೇಳಿದಳು. ಹೃದಯದ ಕವಾಟ ಬದಲಿಸಲು ಅಡಿಲೇಡಿನ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ, ಪಂಜರವನ್ನು ಅವನ ಅಡುಗೆಮನೆಯ ಮೇಜಿನ ಮೇಲೆ ತಂದಿಟ್ಟಳು. ಒಳಗಿದ್ದದ್ದು ಹಾರ್ವಿಯ ಗಲಾ ಗಿಣಿ. ಬೂದು ರೆಕ್ಕೆ, ಗುಲಾಬಿ ಎದೆ, ಕಿಡಿಗೇಡಿ ಕಣ್ಣು. ಮರಿಯಾಗಿದ್ದಾಗ ಮೇಜಿನ ಮೇಲಿನ ಪ್ಯಾಸ್ಟಿಯ ಅಂಚನ್ನು ಕದ್ದು ತಿಂದದ್ದಕ್ಕೆ ಅದರ ಹೆಸರೇ ಪ್ಯಾಸ್ಟಿ ಎಂದಾಗಿತ್ತು. ಅದು ಮಾತು ಕಲಿತಿರಲಿಲ್ಲ, ಆದರೆ ಹಾರ್ವಿ ತನ್ನ ಕುರಿನಾಯಿಯನ್ನು ಕರೆಯಲು ಹಾಕುತ್ತಿದ್ದ ಸಿಳ್ಳನ್ನು ಅಚ್ಚು ಹೊಡೆದಂತೆ ಹಾಕುತ್ತಿತ್ತು. ಹಾರ್ವಿಯಿಂದ ಈ ಲೋಕದಲ್ಲಿ ಕಿವಿಗೆ ಕೇಳುವಂತೆ ಉಳಿದದ್ದು ಅದೊಂದೇ.

"ದಿನಾ ಸಂಜೆ ಫೋನ್ ಮಾಡ್ತೀನಿ. ಅದರ ಹತ್ರ ಹಿಡಿ, ಸಾಕು," ಎಂದಳು ನೋಲಾ. "ಕಚ್ಚೋಕೆ ನೀಲಗಿರಿ ಕೊಂಬೆ ಕೊಡ್ತಾ ಇರು. ಸುಮ್ನೆ ಕೂರಿಸ್ಬೇಡ, ಕೆಟ್ಟ ಬುದ್ಧಿ ಬರುತ್ತೆ ಅದಕ್ಕೆ."

"ನನಗೂ ಅದೇ ಕಾಯಿಲೆ. ನೀನ್ ಹೋಗ್ಬಾ," ಎಂದ ಕ್ಲಾರಿ.

ಆದರೆ ನೋಲಾ ಹೋದದ್ದೇ ಪ್ಯಾಸ್ಟಿ ಮುನಿಸಿಕೊಂಡಿತು. ಕೊಂಬೆಯನ್ನು ಮೂಸಲೂ ಇಲ್ಲ. ತನ್ನ ಎದೆಯ ಗುಲಾಬಿ ಗರಿಯನ್ನೇ ಒಂದೊಂದಾಗಿ ಕಿತ್ತು ಕೆಳಗೆ ಹಾಕತೊಡಗಿತು. ಮೇಜಿನ ಮೇಲೆ ಉದುರಿದ ಗರಿಗಳನ್ನು ನೋಡಿ ಕ್ಲಾರಿಗೆ ಸಂಕಟವಾಯಿತು. ಅವಳು ಬರುವ ಹೊತ್ತಿಗೆ ಇದು ಕೋಳಿ ಸುಲಿದಂತೆ ಕೂತಿದ್ದರೆ ಯಾವ ಮುಖ ತೋರಿಸುವುದು? ಇದಕ್ಕೆ ಬೇಸರ ಕಳೆಯಲು ಒಂದು ಆಟಿಕೆ ಬೇಕು ಎಂದುಕೊಂಡ. ಆಟಿಕೆಯೆಂದರೆ ಅಂತಿಂಥದ್ದಲ್ಲ.

ಶೆಡ್ಡಿನಲ್ಲಿ ಕೂತು ಎರಡು ಅಂತಸ್ತಿನ ಉಯ್ಯಾಲೆ ಕಟ್ಟಿದ. ನೀಲಗಿರಿ ಮರದ ಮೆಟ್ಟಿಲು, ನಡುನಡುವೆ ಸರ್ವೆ ಮರದ ಕಾಯಿ, ಎಲ್ಲವನ್ನೂ ಹಿಡಿದಿಡಲು ಹೊಚ್ಚಹೊಸ ತಂತಿ. ಅದಕ್ಕಾಗಿಯೇ ಹೊಸ ಸುರುಳಿ ಒಡೆದಿದ್ದ. ತಂತಿಯನ್ನು ಉಂಗುರ ಉಂಗುರವಾಗಿ ಬಗ್ಗಿಸಿ ಸರಪಳಿ ಹೆಣೆದ, ಚೂಪಿನ ತುದಿಗಳು ಹಕ್ಕಿಗೆ ಚುಚ್ಚದಂತೆ ಒಳಕ್ಕೆ ಮಡಚಿದ. ಪಕ್ಕದ ಮೇಜಿನ ಸ್ನೋಯಿ, ತಲೆಯೆಲ್ಲ ಬೆಳ್ಳಗಾದ ಅವನ ಹಳೆಯ ಜೊತೆಗಾರ, ಕನ್ನಡಕ ಏರಿಸಿ ನೋಡಿದ.

"ಏನೋ ಇದು, ರಾಜಕುಮಾರನ ತೊಟ್ಟಿಲಾ? ನನ್ನ ಮಕ್ಕಳಿಗೂ ನಾನು ಇಷ್ಟು ಮಾಡಿರ್ಲಿಲ್ಲ ಮಾರಾಯ."

"ನಿನ್ನ ಮಕ್ಕಳು ನಿನ್ನ ಥರ ಇದ್ರು. ಇದು ಚೆಂದದ ಹಕ್ಕಿ."

ಪ್ಯಾಸ್ಟಿ ಉಯ್ಯಾಲೆಯನ್ನು ಮೊದಲು ದೂರದಿಂದ ಬೈದು, ಆಮೇಲೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು ಕಿರುಚಿತು. ಗರಿ ಕೀಳುವುದನ್ನು ಮರೆತೇಬಿಟ್ಟಿತು. ಮರದ ಮೆಟ್ಟಿಲಿಗಿಂತ ಅದಕ್ಕೆ ಹೊಳೆಯುವ ಉಂಗುರಗಳೇ ಇಷ್ಟ. ಬೆಳಗಿನಿಂದ ಸಂಜೆಯವರೆಗೆ ಒಂದೊಂದನ್ನೂ ನೆಕ್ಕಿ, ಕೊಕ್ಕಿನಲ್ಲಿ ಕರಕರ ಕಡಿದು ಸುಖಪಡುತ್ತಿತ್ತು. ಕ್ಲಾರಿ ಟೀ ಲೋಟ ಹಿಡಿದು ಎದುರಿಗೆ ಕೂತು ನೋಡಿದ. ತನ್ನ ಜೀವಮಾನದ ತಂತಿ ಕೆಲಸಕ್ಕೆ ಇಷ್ಟು ಮೆಚ್ಚುಗೆ ಯಾವ ರೈತನೂ ತೋರಿಸಿರಲಿಲ್ಲ. ಸಂಜೆ ಫೋನಿನಲ್ಲಿ ಸಿಳ್ಳು ಕೇಳಿ ನೋಲಾ, "ನಾಳೆ ಬೆಳಿಗ್ಗೆ ಆಪರೇಷನ್. ಇದೊಂದು ಕೇಳಿದ್ನಲ್ಲ, ಇನ್ನು ಹೆದರಿಕೆ ಇಲ್ಲ," ಎಂದಳು. ಕೊನೆಗೂ ಅವಳಿಗೊಂದು ಉಪಕಾರ ಮಾಡಿದೆ ಎಂದು ಕ್ಲಾರಿ ಹಿಗ್ಗಿದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಅದು ಅವನಿಗೆ ಗೊತ್ತಾಗಲು ತಡವಾಯಿತು.

ನೋಲಾಳ ಆಪರೇಷನ್ ಚೆನ್ನಾಗಿ ಆಯಿತು. ಅವಳು ಎದ್ದು ಕೂತು ಮತ್ತೆ ಫೋನ್ ಮಾಡುವಷ್ಟರಲ್ಲಿ ಪ್ಯಾಸ್ಟಿ ಸಿಳ್ಳು ನಿಲ್ಲಿಸಿತ್ತು. ಬಟ್ಟಲುಗಟ್ಟಲೆ ನೀರು ಕುಡಿಯುತ್ತಿತ್ತು, ಹಿಕ್ಕೆ ಹಸಿರು ನೀರಾಗಿತ್ತು, ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂರುತ್ತಿತ್ತು. ಮತ್ತೆ ನೋಲಾಳ ನೆನಪಾಗಿರಬೇಕು ಎಂದುಕೊಂಡ ಕ್ಲಾರಿ. "ಅದು ಮಲಗಿದೆ, ಎಬ್ಬಿಸೋದು ಬೇಡ ಬಿಡು," ಎಂದು ಫೋನಿನಲ್ಲಿ ಹೇಳಿದ. ಮಾರನೆಯ ಬೆಳಿಗ್ಗೆ ಅದು ಕೋಲಿನ ಮೇಲಿನಿಂದ ಧೊಪ್ಪನೆ ಬಿತ್ತು. ಎಡಗಾಲು ಹಿಡಿತ ಬಿಟ್ಟಿತ್ತು. ಕ್ಲಾರಿ ಪಂಜರವನ್ನು ಇದ್ದ ಹಾಗೆಯೇ ಗಾಡಿಯ ಮುಂದಿನ ಸೀಟಿನಲ್ಲಿಟ್ಟು, ತನ್ನ ಕೋಟನ್ನು ಹೊದಿಸಿ, ಪಶುವೈದ್ಯೆ ಡಾಕ್ಟರ್ ತ್ರಾನ್ ಬಳಿಗೆ ಓಡಿಸಿದ.

ಆಕೆ ಹಕ್ಕಿಯನ್ನು ನೋಡಿದಳು, ಆಮೇಲೆ ಪಂಜರವನ್ನು ನೋಡಿದಳು.

"ಈ ಉಯ್ಯಾಲೆ ಎಲ್ಲಿ ತಂದ್ರಿ?"

"ತರೋದೇನು, ನಾನೇ ಮಾಡಿದ್ದು," ಎಂದ ಕ್ಲಾರಿ. ಆ ಗಾಬರಿಯಲ್ಲೂ ದನಿಯಲ್ಲಿ ಒಂದು ಎಳೆ ಹೆಮ್ಮೆಯಿತ್ತು.

ಡಾಕ್ಟರ್ ಉಂಗುರವೊಂದನ್ನು ಉಗುರಿನಿಂದ ಕೆರೆದು ಅವನಿಗೆ ತೋರಿಸಿದಳು. ಉಗುರಿನ ತುದಿಗೆ ಬಿಳಿ ಪುಡಿ ಅಂಟಿತ್ತು. "ಇದು ಸತು, ಕ್ಲಾರಿ ಅವ್ರೇ. ಹೊಸ ತಂತಿ ಮೇಲೆ ಹೀಗೇ ಸಡಿಲ ಇರುತ್ತೆ. ಕುರಿಗೆ ಏನೂ ಆಗಲ್ಲ, ಕುರಿ ಬೇಲಿ ನೆಕ್ಕಲ್ಲ. ಗಿಣಿ ಎಲ್ಲಾನೂ ಬಾಯಲ್ಲೇ ನೋಡುತ್ತೆ. ಇಷ್ಟು ಪುಟ್ಟ ಮೈಗೆ ಇದು ವಿಷ."

ಎಕ್ಸ್‌ರೇಯಲ್ಲಿ ಹಕ್ಕಿಯ ಹೊಟ್ಟೆಯೊಳಗೆ ಲೋಹದ ಚೂರುಗಳು ಹಿಟ್ಟು ಚೆಲ್ಲಿದಂತೆ ಕಂಡವು. ಕ್ಲಾರಿ ಇನ್ನಷ್ಟು ಬಗ್ಗಿ ನೋಡಿದ. ತುಕ್ಕು ಹಿಡಿಯಬಾರದೆಂದು ಹಾಕಿದ ಲೇಪ, ಜೀವಮಾನವಿಡೀ ತಾನು ಎಲ್ಲರೆದುರು ಹೊಗಳಿದ ಲೇಪ, ಅದೇ. "ಉಳಿಯುತ್ತಾ?" ಎಂದು ಕೇಳಿದ.

"ಸುಳ್ಳು ಹೇಳಲ್ಲ, ಈಗಲೇ ಗೊತ್ತಾಗಲ್ಲ. ರಕ್ತದಿಂದ ಸತು ಎಳೆಯೋ ಇಂಜೆಕ್ಷನ್ ಕೊಡ್ತೀವಿ, ಬೆಚ್ಚಗಿಡ್ತೀವಿ. ಇಲ್ಲೇ ಬಿಟ್ಟು ಹೋಗಿ."

ಅವನು ಬರಿಗೈಯಲ್ಲಿ ಶೆಡ್ಡಿಗೆ ಹೋಗಿ ಕೂತ. ಸ್ನೋಯಿ ವಿಷಯ ಕೇಳಿ ಬಹಳ ಹೊತ್ತು ತಲೆ ಕೆರೆದ.

"ನೋಲಾಗೆ ಹೇಳ್ಬೇಡ. ಈಗ ತಾನೇ ಎದೆ ಕೊಯ್ಸ್ಕೊಂಡ ಹೆಂಗಸಿಗೆ ಇಂಥ ಸುದ್ದಿ ಹೇಳ್ತಾರಾ? ಹಕ್ಕಿ ಹೋಯ್ತು ಅಂತಿಟ್ಕೊ, ಹೊಲದ ತುಂಬ ಗಲಾಗಳು ಗೋಧಿ ಮುಕ್ತಾ ಕೂತಿವೆ. ಒಂದನ್ನ ಹಿಡ್ದು ಒಳಗ್ ಬಿಟ್ರೆ ಯಾರಿಗ್ ಗೊತ್ತಾಗುತ್ತೆ?"

"ಸಿಳ್ಳು ಯಾರು ಹಾಕ್ತಾರೆ, ನೀನಾ?"

ಕ್ಲಾರಿ ಯೋಚಿಸಿದ. ಸಂಜೆಗೆ ಫೋನ್ ಬರುತ್ತದೆ. ಮಲಗಿದೆ ಎಂದು ಇನ್ನೊಮ್ಮೆ ಹೇಳಬಹುದು. ನಾಳೆ, ನಾಳಿದ್ದು ಕೂಡ ಹೇಳಬಹುದು. ಅವಳ ಹೃದಯದ ಬಗ್ಗೆ ಸ್ನೋಯಿ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಹಕ್ಕಿ ಸತ್ತು, ತಾನು ಅದು ಮಲಗಿದೆ ಎನ್ನುತ್ತಲೇ ಇದ್ದರೆ, ಅವಳು ಆ ಕಡೆ ಕಿವಿಗೆ ಫೋನ್ ಒತ್ತಿಕೊಂಡು ಸತ್ತ ಗಂಡನ ಸಿಳ್ಳಿಗೆ ಕಾಯುತ್ತಲೇ ಇದ್ದರೆ? ಒಂದೇ ಸುಳ್ಳು ಹೇಳಿದ್ದ, ಅದೇ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತ್ತು. ಎರಡನೆಯದಕ್ಕೆ ಜಾಗವಿರಲಿಲ್ಲ.

ಅಡಿಲೇಡಿಗೆ ಅವನು ಗಾಡಿ ಓಡಿಸದೆ ಎಷ್ಟೋ ವರ್ಷವಾಗಿತ್ತು. ಸಿಗ್ನಲ್ಲು, ಟ್ರಾಮು, ಹಿಂದಿನಿಂದ ಹಾರ್ನ್ ಹೊಡೆಯುವವರು. ಎಲ್ಲರನ್ನೂ ಬೈಯುತ್ತಾ ಹೋದ, ಬೈದರೆ ಹೆದರಿಕೆ ಕಡಿಮೆಯಾಗುತ್ತಿತ್ತು. ಆಸ್ಪತ್ರೆಯಲ್ಲಿ ಮೊದಲು ನರ್ಸನ್ನು ಕಂಡು, ಕೆಟ್ಟ ಸುದ್ದಿ ತಡೆದುಕೊಳ್ಳುವ ಸ್ಥಿತಿಯಲ್ಲಿದ್ದಾಳೆಯೇ ಎಂದು ವಿಚಾರಿಸಿದ. "ನಿನ್ನೆ ಊಟ ಸರಿಯಿಲ್ಲ ಅಂತ ಅಡುಗೆಯವರನ್ನೇ ಕರೆಸಿ ಬೈದಿದಾರೆ. ಏನ್ ಬೇಕಾದ್ರೂ ತಡ್ಕೋತಾರೆ," ಎಂದಳು ನರ್ಸು.

ನೋಲಾ ದಿಂಬಿಗೆ ಒರಗಿ ಕೂತಿದ್ದಳು, ಸಣ್ಣಗಾಗಿದ್ದಳು. ಅವನನ್ನು ಕಂಡದ್ದೇ ಅವಳ ಮುಖದ ಬಣ್ಣ ಇಳಿಯಿತು. ಕ್ಲಾರಿ ಟೋಪಿ ತೆಗೆದು, ಕೂರದೆ, ನಿಂತೇ ಎಲ್ಲ ಹೇಳಿದ. ಮಲಗಿದೆ ಎಂದದ್ದು ಸುಳ್ಳು ಎಂದೂ ಹೇಳಿದ.

ಅವಳು ಕಿಟಕಿಯ ಕಡೆ ತಿರುಗಿದಳು. "ತಂತಿ ಹೊಸದಾ?" ಎಂದಳು.

"ಹೊಸದು. ಹಳೇದು ಹಾಕ್ಬಾರ್ದು, ಅದಕ್ಕೆ ಒಳ್ಳೇದೇ ಇರ್ಲಿ ಅಂತ."

"ಒಳ್ಳೇದೇ ಇರ್ಲಿ ಅಂತ," ಎಂದು ಅವಳು ಮೆಲ್ಲಗೆ ಮರುನುಡಿದಳು. "ನಂಗೆ ವಿಪರೀತ ಸಿಟ್ಟು ಬಂದಿದೆ ಕ್ಲಾರಿ. ಜೋರಾಗ್ ಬೈಯೋಕೆ ಹೊಲಿಗೆ ಬಿಡ್ತಿಲ್ಲ, ಅದಕ್ಕೆ ನೀನ್ ಬಚಾವಾದೆ."

"ಹೊಲಿಗೆ ಬಿಚ್ಚಿದ್ಮೇಲೆ ಬೈಯಿ. ಎಲ್ಲಿಗೂ ಹೋಗಲ್ಲ ನಾನು."

ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. "ಸತುವಿನ ವಿಷಯ ನಂಗೂ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹೇಳಿರ್ತಿದ್ದೆ. ಹಾರ್ವಿ ಬರೀ ಕೊಂಬೆ, ಚರ್ಮದ ತುಂಡು ಕೊಡ್ತಿದ್ದ, ಅದರ ಪುಣ್ಯ. ನೀನು ನಾಳೆ ಹೇಳಬಹುದಿತ್ತು, ನಾಳಿದ್ದು ಹೇಳಬಹುದಿತ್ತು. ಇವತ್ತೇ ಬಂದೆಯಲ್ಲ, ಅದಕ್ಕೆ ನಿಂಗೆ ಒಳ್ಳೇದಾಗ್ಲಿ. ಈಗ ಇಲ್ಲಿ ಕಂಬದ ಥರ ನಿಂತ್ಕೋಬೇಡ. ನನ್ನ ನೋಡ್ಕೊಳ್ಳೋಕೆ ಇಲ್ಲಿ ಡಜನ್ ಜನ ಇದಾರೆ. ಅದಕ್ಕೆ ಯಾರಿದಾರೆ? ನಡಿ."

ಅವನು ಬಾಗಿಲ ಬಳಿ ಹೋದಾಗ ಮತ್ತೆ ಕರೆದಳು.

"ಅದು ಉಳಿದ್ರೆ ಆಟಕ್ಕೆ ಏನಾದ್ರೂ ಬೇಕಲ್ಲ. ನೀನೇ ಮಾಡು. ಈ ಸಲ ಸರಿಯಾಗಿ ತಿಳ್ಕೊಂಡು ಮಾಡು."

ಹಿಂದಿರುಗುವ ದಾರಿಯುದ್ದಕ್ಕೂ ಕ್ಲಾರಿ ಯಾರನ್ನೂ ಬೈಯಲಿಲ್ಲ. ಅವಳು ಕ್ಷಮಿಸಿದ್ದೇನೆ ಎಂದಿದ್ದರೆ ಅವನಿಗೆ ಇಷ್ಟು ತಾಗುತ್ತಿರಲಿಲ್ಲ. ತಪ್ಪು ಮಾಡಿದ ಕೈಗೇ ಮತ್ತೆ ಕೆಲಸ ಕೊಟ್ಟಿದ್ದಳು. ಅದಕ್ಕಾಗಿ ಅವನು, ಚರ್ಚಿಗೆ ಪೆಡಲು ರಿಪೇರಿಗೆಂದು ಬಿಟ್ಟರೆ ಹೋಗದ ಮನುಷ್ಯ, ಗಾಡಿಯಲ್ಲೇ ದೇವರಿಗೆ ಕೃತಜ್ಞತೆ ಹೇಳಿದ.

ಅಂದಿನಿಂದ ಅವನು ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಬಾಗಿಲು ತೆರೆಯುವ ಮೊದಲೇ ಹಾಜರು. ಪ್ಯಾಸ್ಟಿ ಬಿಸಿ ಪೆಟ್ಟಿಗೆಯಲ್ಲಿ ಮುದುಡಿಕೊಂಡಿರುತ್ತಿತ್ತು, ಅವನು ಪಕ್ಕದಲ್ಲಿ ಕೂತಿರುತ್ತಿದ್ದ. ಬಿಡುವಿದ್ದಾಗ ಡಾಕ್ಟರ್ ತ್ರಾನ್‌ಳನ್ನು ಕೇಳಿ ಕೇಳಿ ಕಲಿತ. ಹಸಿರು ಛಾಯೆಯ ಬೇಲಿ ಕಂಬದ ಪೈನ್ ಮರಕ್ಕೆ ಗೆದ್ದಲಿನ ಔಷಧಿ ಕುಡಿಸಿರುತ್ತಾರೆ, ಅದು ಕೂಡದು. ಹಗ್ಗ ಉದ್ದವಿದ್ದರೆ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಗಿಡ್ಡವಿದ್ದರೂ ಎಳೆ ಬಿಟ್ಟಿತೋ ಬೆರಳಿಗೆ ಉರುಳಾಗುತ್ತದೆ. ಸ್ಪ್ರಿಂಗಿನ ಕೊಕ್ಕೆಯಲ್ಲಿ ಕೊಕ್ಕು ಸಿಕ್ಕಿಕೊಳ್ಳುತ್ತದೆ. ಗಂಟೆಯ ನಾಲಿಗೆಯನ್ನು ಕಿತ್ತು ನುಂಗುವುದಂತೂ ಗಲಾಗೆ ನೀರು ಕುಡಿದಷ್ಟು ಸುಲಭ. ಸ್ನೋಯಿ ದೊಡ್ಡ ಮನಸ್ಸು ಮಾಡಿ ತನ್ನ ಹಳೆಯ ಕುದುರೆ ಜೀನಿನ ಚರ್ಮ ಕೊಟ್ಟ. ಡಾಕ್ಟರ್ ಮೂಸಿ, "ಬಣ್ಣ, ಎಣ್ಣೆ, ಪಾಲಿಶ್ಶು. ಬೇಡ," ಎಂದಳು. ಸ್ನೋಯಿಗೆ ಅವಮಾನವಾಯಿತು.

"ನನ್ನ ಕುದುರೆ ಇದನ್ನ ಹೊತ್ಕೊಂಡು ನೂರು ವರ್ಷ ಬದುಕ್ತಾ ಇತ್ತು," ಎಂದ.

"ಅದು ನಿನ್ನ ಹೊತ್ಕೊಂಡೂ ಬದುಕಿತ್ತಲ್ಲ, ಗಟ್ಟಿ ಕುದುರೆ," ಎಂದ ಕ್ಲಾರಿ.

ಇಂಜೆಕ್ಷನ್ ನಡೆಯುತ್ತಲೇ ಇತ್ತು. ಒಂದು ಬೆಳಿಗ್ಗೆ ಕ್ಲಾರಿ ಟೀ ಕುಡಿದು ಮತ್ತೆ ಒಳಗೆ ಹೆಜ್ಜೆ ಇಡುವಾಗ ಕಾಯುವ ಕೋಣೆಯಲ್ಲಿ ಕುರಿನಾಯಿಗಳೂ ಅವುಗಳ ಯಜಮಾನರೂ ತೂಕಡಿಸುತ್ತಿದ್ದರು. ಗೋಡೆಯಾಚೆಯಿಂದ ಒಂದು ಸಿಳ್ಳು ಕೇಳಿತು. ಬಡಕಲು ಸಿಳ್ಳು, ನಡುವೆ ಒಮ್ಮೆ ಮುರಿಯಿತು, ಆದರೂ ಹಾರ್ವಿಯದೇ. ನಾಯಿಗಳೆಲ್ಲ ಒಟ್ಟಿಗೆ ಎದ್ದು ಕಿವಿ ನಿಮಿರಿಸಿ ಬಾಗಿಲ ಕಡೆ ಎಳೆದವು. ಒಬ್ಬ ರೈತ ಸರಪಳಿ ಸಮೇತ ಕುರ್ಚಿಯಿಂದ ಕೆಳಗೆ ಬಿದ್ದ. ಕ್ಲಾರಿ ಅವನನ್ನು ಎತ್ತಲೂ ಹೋಗದೆ ಗೋಡೆಗೆ ಹಣೆ ಒತ್ತಿ ಅತ್ತ. ಸೊಂಟ ಮುರಿದಾಗಲೂ ಅವನು ಅತ್ತಿರಲಿಲ್ಲ. ಆ ಸಂಜೆ ನೋಲಾಳ ಫೋನ್ ಕ್ಲಿನಿಕ್ಕಿಗೆ ಬಂದಾಗ ಅವನು ರಿಸೀವರನ್ನು ಬಿಸಿ ಪೆಟ್ಟಿಗೆಯ ಹತ್ತಿರ ಹಿಡಿದ. ಆಚೆಯಿಂದ ಮೂಗು ಸೀಟಿದ ಸದ್ದು ಬಂತು.

ಹಕ್ಕಿ ಉಳಿಯಿತು, ಎಡಗಾಲಿನ ಹಿಡಿತ ಮಾತ್ರ ಪೂರಾ ಮರಳಲಿಲ್ಲ. ಕ್ಲಾರಿ ಆ ಕಾಲನ್ನು ನೋಡಿಯೇ ಹೊಸದನ್ನು ಕಟ್ಟಿದ. ತನ್ನ ಹಿತ್ತಲಿನ, ಔಷಧಿ ಸೋಕದ ಬಾಟಲ್ ಬ್ರಷ್ ಗಿಡದಿಂದ ದಪ್ಪ ಕೊಂಬೆ ಕಡಿದ, ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಇಟ್ಟ. ಕಾಲು ಜಾರದಿರಲೆಂದು ತೊಗಟೆ ಹಾಗೇ ಬಿಟ್ಟ. ಕಚ್ಚಲು ಬಣ್ಣ, ಎಣ್ಣೆ ಸೋಕದ ಚರ್ಮದ ತುಂಡುಗಳನ್ನು ಜೋಡಿಸಿದ. ಬಿದ್ದರೂ ಪೆಟ್ಟಾಗದಂತೆ ಉಯ್ಯಾಲೆಯನ್ನು ಪಂಜರದ ತಳಕ್ಕೆ ಹತ್ತಿರವಾಗಿಸಿದ. ತಂತಿಯ ಬದಲು, ವಾಲರೂ ಬಂದರಿನಲ್ಲಿ ದೋಣಿ ಸಾಮಾನಿನ ಅಂಗಡಿಗೆ ಹೋಗಿ, ಉಪ್ಪುನೀರಿಗೂ ಜಗ್ಗದ ಸ್ಟೀಲಿನ ತಿರುಪು ಕೊಂಡಿ ತಂದ. ಬೇಲಿ ಕ್ಲಾರಿ ತಂತಿ ಬಿಟ್ಟು ಸ್ಟೀಲು ಕೊಂಡನಂತೆ ಎಂಬ ಸುದ್ದಿ ಅವನಿಗಿಂತ ಮೊದಲು ಊರು ತಲುಪಿತು. ನಗುವವರು ನಕ್ಕರು. ಅವನು ಅದನ್ನು ಕಟ್ಟುತ್ತಿದ್ದ, ಎಳೆಯುತ್ತಿದ್ದ, ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಡಾಕ್ಟರ್ ತ್ರಾನ್ ನೋಡಿ ಚೆನ್ನಾಗಿದೆ ಎಂದಳು. ಆದರೂ ಪಂಜರದೊಳಗೆ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ನೋಲಾ ಬರುವವರೆಗೆ ಪ್ಯಾಸ್ಟಿ ಅವನ ಅಡುಗೆಮನೆಯಲ್ಲಿ ಬರೀ ಕೊಂಬೆ ಕಚ್ಚಿಕೊಂಡಿತ್ತು, ಉಯ್ಯಾಲೆ ಅಲಮಾರಿಯ ಮೇಲಿತ್ತು.

ನೋಲಾ ಬಂದದ್ದು ಒಂದು ಮಧ್ಯಾಹ್ನ, ಕೋಲೂರಿಕೊಂಡು. ಪ್ಯಾಸ್ಟಿ ಅವಳ ಕೂದಲನ್ನು ಕೆದರಿ, ಕಿವಿ ಕಚ್ಚಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ತನ್ನ ಭಾಷೆಯಲ್ಲಿ ಜಗಳ ತೆಗೆಯಿತು. ಅವಳು ಅದರ ಎಡಗಾಲನ್ನು ಬೆರಳ ಮೇಲೆ ಇರಿಸಿಕೊಂಡು ಹಿಡಿತ ನೋಡಿದಳು. ಆಮೇಲೆ, "ಎಲ್ಲಿ, ಮಾಡಿದೀಯಾ?" ಎಂದಳು.

ಕ್ಲಾರಿ ಉಯ್ಯಾಲೆಯನ್ನು ಇಳಿಸಿ ಅವಳ ಮಡಿಲಲ್ಲಿಟ್ಟ. ಅವಳ ಕನ್ನಡಕವನ್ನೂ ಹುಡುಕಿ ತಂದುಕೊಟ್ಟ. "ಕೊಂಡಿ ಒಂದೊಂದೂ ಸ್ಟೀಲು, ಆದ್ರೂ ನೀನೊಂದ್ಸಲ ನೋಡ್ಬಿಡು. ಈ ತಿರುಪು ಬಿಗಿ ಇದೆಯಾ ನೋಡು. ಮರ ಮೂಸಿ ನೋಡು. ಚರ್ಮಕ್ಕೆ ಏನೂ ಹಚ್ಚಿಲ್ಲ, ಬೇಕಾದ್ರೆ..."

ನೋಲಾ ಕನ್ನಡಕ ಹಾಕಿಕೊಳ್ಳಲಿಲ್ಲ. ಉಯ್ಯಾಲೆಯನ್ನು ಎತ್ತಿಕೊಂಡು, ಕೋಲೂರಿ ಎದ್ದು ನಿಂತು, ತಿರುಗಿಸಿಯೂ ನೋಡದೆ ನೇರವಾಗಿ ಪಂಜರದೊಳಗೆ ಕೈ ಹಾಕಿ ನೇತುಹಾಕಿಬಿಟ್ಟಳು.

ಪ್ಯಾಸ್ಟಿ ಆಗಲೇ ಅದರ ಕಡೆ ಕೊಕ್ಕು ಚಾಚಿತ್ತು. ಕ್ಲಾರಿಯ ಕೈ ಪಂಜರದ ಬಾಗಿಲಿಗೆ ಹೋಯಿತು.

"ನೋಡಲ್ವಾ?" ಎಂದ.

"ನಾನ್ಯಾಕ್ ನೋಡ್ಲಿ," ಎಂದಳು ನೋಲಾ. "ನೀನು ನೋಡಿದೀಯಲ್ಲ."